ಮೊಮ್ಮಕ್ಕಳನ್ನು ಬಿಟ್ಟು ಹೊರಟ ಅಜ್ಜ, ಅಜ್ಜಿ

ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಮಿಸಿಸಿಪ್ಪಿ ನದಿ ಬಳಸಿಕೊಂಡು ಹರಿಯುವ ಕಡೆ ನೌವೂ ಎಂಬ ಊರಿದೆ. ಸುಮಾರು ಸಾವಿರ ಜನರಿರುವ ಆ ಊರಿನ ಹಳೆಯ ಭಾಗದಲ್ಲಿ ಒಂದು ಕಮ್ಮಾರಸಾಲೆ. ಚರ್ಮದ ಏಪ್ರನ್ ಕಟ್ಟಿಕೊಂಡ ಎಪ್ಪತ್ತರ ಆಸುಪಾಸಿನ ಕಮ್ಮಾರ ಕುಲುಮೆಯ ಮುಂದೆ ನಿಂತು, ಹಿಂದಿನವರು ಗಾಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಹಾಕುತ್ತಿದ್ದ ಬಗೆಯನ್ನು ಬಂದವರಿಗೆ ವಿವರಿಸುತ್ತಾನೆ. ಲಾಳದ ಮೊಳೆಯನ್ನು ಬಗ್ಗಿಸಿ ಮಾಡಿದ ಉಂಗುರವೊಂದನ್ನು ಕೈಗಿಡುತ್ತಾನೆ. ‘ಹುಲ್ಲುಗಾವಲಿನ ವಜ್ರ’ ಎಂದು ಅದಕ್ಕೆ ಹೆಸರು. ದುಡ್ಡು ಕೇಳುವುದಿಲ್ಲ. ಸ್ವಲ್ಪ ಮಾತಿಗೆಳೆದರೆ ಆಸಾಮಿ ಹುಟ್ಟು ಕಮ್ಮಾರನಲ್ಲ ಎಂಬುದು ತಿಳಿಯುತ್ತದೆ. ನಿವೃತ್ತ ದಂತವೈದ್ಯನೋ, ಹೈಸ್ಕೂಲು ಮೇಷ್ಟ್ರೋ, ವಿಮೆ ಕಂಪನಿಯಲ್ಲಿ ಮ್ಯಾನೇಜರಾಗಿದ್ದವನೋ ಇರಬೇಕು. ಇನ್ನೊಂದು ಕಟ್ಟಡದಲ್ಲಿ ಉದ್ದ ಲಂಗ ತೊಟ್ಟು, ತಲೆಗೆ ಬಟ್ಟೆಯ ಟೋಪಿ ಕಟ್ಟಿಕೊಂಡು ಹಳೆಯ ಕಾಲದ ಅಡುಗೆಮನೆ ತೋರಿಸುತ್ತಿರುವ ಹಿರಿಯಾಕೆ ಅವನ ಹೆಂಡತಿ. ಇಬ್ಬರ ಎದೆಯ ಮೇಲೂ ಕಪ್ಪು ಬಣ್ಣದ ನಾಮಫಲಕ.

ಇವರು ಜಗತ್ತು ‘ಮಾರ್ಮನ್’ ಎಂದು ಕರೆಯುವ, ಯೇಸು ಕ್ರಿಸ್ತನ ಅಂತ್ಯದಿನಗಳ ಸಂತರ ಸಭೆಯ ಹಿರಿಯ ಮಿಷನರಿ ದಂಪತಿ. 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಎಂಬ ಇಪ್ಪತ್ನಾಲ್ಕರ ತರುಣ ಕಟ್ಟಿದ ಸಭೆಯದು. ಊರಿಂದೂರಿಗೆ ಅಟ್ಟಿಸಿಕೊಂಡು ಬಂದ ಈ ಜನ 1839ರಲ್ಲಿ ಈ ನದೀತೀರದಲ್ಲಿ ನೆಲೆ ನಿಂತರು. 1844ರಲ್ಲಿ ಹತ್ತಿರದ ಕಾರ್ತೇಜ್ ಜೈಲಿಗೆ ನುಗ್ಗಿದ ಗುಂಪು ಸ್ಮಿತ್‌ನನ್ನು ಕೊಂದಿತು. ಎರಡು ವರ್ಷಕ್ಕೆ ಇವರು ಗಾಡಿ ಕಟ್ಟಿಕೊಂಡು ಮತ್ತೆ ಪಶ್ಚಿಮಕ್ಕೆ ಹೊರಟರು. 1847ರಲ್ಲಿ ತಲುಪಿದ್ದು ಯೂಟಾದ ಉಪ್ಪಿನ ಸರೋವರದ ಕಣಿವೆ. ಸಾಲ್ಟ್ ಲೇಕ್ ಸಿಟಿ ಇಂದಿಗೂ ಸಭೆಯ ಕೇಂದ್ರ.

ಬಿಳಿ ಅಂಗಿ, ಟೈ ಹಾಕಿಕೊಂಡು ಜೋಡಿಯಾಗಿ ಬಾಗಿಲು ತಟ್ಟುವ ಹುಡುಗರನ್ನು ಸಿನಿಮಾಗಳಲ್ಲಾದರೂ ಎಲ್ಲರೂ ನೋಡಿದ್ದೇವೆ. ಹುಡುಗರಿಗೆ ಎರಡು ವರ್ಷ, ಹುಡುಗಿಯರಿಗೆ ಒಂದೂವರೆ ವರ್ಷದ ಸೇವೆ. 2024ರ ಕೊನೆಗೆ ಹೀಗೆ ಬೋಧನೆಗೆ ಹೊರಟವರು 74 ಸಾವಿರದಷ್ಟು ಇದ್ದರು. ಅದೇ ಲೆಕ್ಕದ ಇನ್ನೊಂದು ಸಾಲು ನನ್ನ ಕುತೂಹಲಕ್ಕೆ ಕಾರಣ. ಸೇವೆಯಲ್ಲಿದ್ದ ಹಿರಿಯರು ಸುಮಾರು 31 ಸಾವಿರ! ಇವರಲ್ಲಿ ಮನೆಯಲ್ಲೇ ಇದ್ದುಕೊಂಡು ವಾರಕ್ಕೆ ಕೆಲವು ಗಂಟೆ ದುಡಿಯುವವರೂ ಸೇರಿದ್ದಾರೆ. ಆದರೆ ಮನೆಗೆ ಬೀಗ ಹಾಕಿ, ನಾಯಿಯನ್ನು ಮಗಳ ಮನೆಗೆ ದಾಟಿಸಿ, ಗಂಡ ಹೆಂಡತಿ ಇಬ್ಬರೂ ಸೂಟ್‌ಕೇಸು ಹಿಡಿದು ಕಾಣದ ಊರಿಗೆ ಹೊರಡುವುದು ಈ ಸಭೆಯ ಮಧ್ಯಮ ವರ್ಗದ ಕುಟುಂಬಗಳಿಗೆ ಹೊಸದೇನಲ್ಲ.

ಕನ್ನಡಿಗರಿಗೆ ಮಿಷನ್ ಎಂದರೆ ನೆನಪಾಗುವುದು ಬಾಸೆಲ್. 1834ರಲ್ಲಿ ಮಂಗಳೂರಿಗೆ ಬಂದವರು, ಅವರ ಹಿಂದೆ ಬಂದ ಮೊಗ್ಲಿಂಗ್, ನಿಘಂಟಿನ ಕಿಟ್ಟೆಲ್. ಅವರೆಲ್ಲ ಹರೆಯದಲ್ಲೇ ಹಡಗು ಹತ್ತಿ ಬಂದು ಇಲ್ಲಿನ ಭಾಷೆ ಕಲಿತು, ಬಾಳಿನ ಎಷ್ಟೋ ವರ್ಷಗಳನ್ನು ಇಲ್ಲೇ ತೇದವರು. ಮಾರ್ಮನ್ ಅಜ್ಜ ಅಜ್ಜಿಯರ ಲೆಕ್ಕ ತಿರುವುಮುರುವು. ಮಕ್ಕಳ ಮದುವೆ ಮುಗಿಸಿ, ಮನೆ ಸಾಲ ತೀರಿಸಿ, ಮಂಡಿನೋವಿನ ಮಾತ್ರೆ ಜೊತೆಗಿಟ್ಟುಕೊಂಡು ಹೊರಡುತ್ತಾರೆ. ಆರು, ಹನ್ನೆರಡು, ಹದಿನೆಂಟು ಅಥವಾ ಇಪ್ಪತ್ತಮೂರು ತಿಂಗಳಿಗೆ ವಾಪಸ್. ಅಷ್ಟರಲ್ಲಿ ಊರಿನ ಭಾಷೆ ಬಾಯಿಗೆ ಹತ್ತುವುದು ಕಷ್ಟ. ಹತ್ತಬೇಕೆಂಬ ಒತ್ತಾಯವೂ ಇವರ ಮೇಲಿಲ್ಲ.

ಹಾಗಾದರೆ ಇವರು ಮಾಡುವುದೇನು? ಧರ್ಮಬೋಧನೆ ಎಂದುಕೊಂಡರೆ ನಿಜ ಅರ್ಧವೂ ಸಿಗುವುದಿಲ್ಲ. ಬಾಗಿಲು ತಟ್ಟುವ ಕೆಲಸ ಇವರದಲ್ಲ. ಸ್ಥಳೀಯ ಸಭೆಗೆ ಹೋಗಿ ಪಿಯಾನೊ ನುಡಿಸುವುದು, ಕಾಯಿಲೆ ಬಿದ್ದವರನ್ನು ನೋಡಿಬರುವುದು, ಪಾಠ ಹೇಳುವುದು ಇದ್ದೇ ಇದೆ. ಬಹುಪಾಲು ದಿನ ಕಳೆಯುವುದು ಮಾತ್ರ ಮನೆವಾರ್ತೆಯಲ್ಲಿ, ಅದೂ ತಮ್ಮದಲ್ಲದ ಮನೆಗಳ ವಾರ್ತೆಯಲ್ಲಿ.

ಮಿಷನ್ ಕಚೇರಿಯ ಒಂದು ದಿನವನ್ನೇ ನೋಡಿ. ಒಂದು ಮಿಷನ್ ಎಂದರೆ ನೂರು ನೂರೈವತ್ತು ಹುಡುಗ ಹುಡುಗಿಯರು, ಅವರು ಇಬ್ಬಿಬ್ಬರಾಗಿ ಇರುವ ಹತ್ತಾರು ಬಾಡಿಗೆ ಮನೆಗಳು, ಒಂದಿಷ್ಟು ಕಾರು, ಸೈಕಲ್ಲು. ಬಾಡಿಗೆ ಕರಾರು, ಕರೆಂಟು ಬಿಲ್ಲು, ವೀಸಾ ಕಾಗದ, ಊರಿಂದ ತಾಯಂದಿರು ಕಳಿಸುವ ಪಾರ್ಸೆಲ್ಲು, ಹಾಸಿಗೆಯಲ್ಲಿ ತಿಗಣೆ ಎಂದು ಬರುವ ಫೋನು, ಎಲ್ಲ ಈ ಹಿರಿಯರ ಮೇಜಿಗೇ. ಆರು ವಾರಕ್ಕೊಮ್ಮೆ ಜೋಡಿಗಳನ್ನು ಬದಲಿಸಿ ಊರು ಬದಲಿಸುವ ‘ಟ್ರಾನ್ಸ್‌ಫರ್’ ದಿನವಂತೂ ಮದುವೆಮನೆಯ ಗಡಿಬಿಡಿ. ಹೊಸಬರನ್ನು ವಿಮಾನ ನಿಲ್ದಾಣದಿಂದ ಕರೆತರಬೇಕು, ಅವಧಿ ಮುಗಿದವರನ್ನು ಹತ್ತಿಸಿ ಬರಬೇಕು, ನಡುವೆ ಅಷ್ಟೂ ಮಂದಿಗೆ ಊಟ. ಇಡೀ ವೃತ್ತಿಜೀವನದಲ್ಲಿ ತನ್ನ ಪತ್ರಗಳನ್ನು ಸೆಕ್ರೆಟರಿಯಿಂದ ಟೈಪ್ ಮಾಡಿಸಿದ ಅಧಿಕಾರಿ ಇಲ್ಲಿ ತಾನೇ ಸೆಕ್ರೆಟರಿ. ಇಪ್ಪತ್ತು ದಾಟದ ಹುಡುಗನೊಬ್ಬ ಫೋನು ಮಾಡಿ, “ಎಲ್ಡರ್, ನಮ್ಮ ಮನೆ ಸಿಂಕು ಕಟ್ಟಿಕೊಂಡಿದೆ” ಎಂದರೆ ಎದ್ದು ಹೋಗಲೇಬೇಕು. ಗಂಡಸರಿಗೆಲ್ಲ ಎಲ್ಡರ್, ಹೆಂಗಸರಿಗೆಲ್ಲ ಸಿಸ್ಟರ್, ಮುಂದೆ ಮನೆತನದ ಹೆಸರು. ಹದಿನೆಂಟರ ಹುಡುಗನೂ ಎಲ್ಡರ್, ಎಪ್ಪತ್ತೆರಡರ ಅಜ್ಜನೂ ಎಲ್ಡರ್.

ಮನೆ ತಪಾಸಣೆಯದು ಬೇರೆಯದೇ ಕತೆ. ಅಜ್ಜ ಅಜ್ಜಿ ಒಂದು ಚೀಲದಲ್ಲಿ ಬಲ್ಬು, ಬ್ಯಾಟರಿ, ಸ್ಕ್ರೂಡ್ರೈವರು, ಇನ್ನೊಂದು ಡಬ್ಬಿಯಲ್ಲಿ ಮನೆಯಲ್ಲೇ ಬೇಯಿಸಿದ ಬಿಸ್ಕತ್ತು ಇಟ್ಟುಕೊಂಡು ಹುಡುಗರ ಮನೆಗಳಿಗೆ ಹೋಗುತ್ತಾರೆ. ಬರುವ ಸುದ್ದಿ ಮೊದಲೇ ತಿಳಿದಿರುವುದರಿಂದ ನೆಲವೇನೋ ಆಗಷ್ಟೇ ಒರೆಸಿದ ಹಸಿಯಲ್ಲಿರುತ್ತದೆ. ಅಜ್ಜಿ ನೇರ ಹೋಗಿ ಫ್ರಿಜ್ ತೆಗೆಯುತ್ತಾಳೆ. ದಿನ ಮೀರಿದ ಹಾಲು, ಯಾವ ಕಾಲದ್ದೋ ಅನ್ನದ ಬಟ್ಟಲು, ಸಾಸಿವೆ ಸಾಸಿನ ಮೂರು ಬಾಟಲಿ. ಅತ್ತ ಅಜ್ಜ ಕುರ್ಚಿ ಹಾಕಿಕೊಂಡು ಸೂರಿನ ಹೊಗೆ ಎಚ್ಚರಿಕೆ ಯಂತ್ರದ ಗುಂಡಿ ಒತ್ತಿ ಅದು ಕಿರುಚುತ್ತದೋ ಇಲ್ಲವೋ ನೋಡುತ್ತಾನೆ. ಕಿರುಚದಿದ್ದರೆ ಹುಡುಗರು ಬ್ಯಾಟರಿ ಕಿತ್ತು ಬೇರೆ ಯಾವುದಕ್ಕೋ ಹಾಕಿಕೊಂಡಿದ್ದಾರೆ ಎಂದರ್ಥ. ಮಂಚದ ಕೆಳಗೆ ಬಗ್ಗಿ ನೋಡುವ ಹಕ್ಕೂ ಇವರಿಗಿದೆ. ಕಾರಿನ ಮೇಲೆ ಮಾತ್ರ ಯಂತ್ರದ ಕಣ್ಣು. ಅಮೆರಿಕದ ಮಿಷನ್ ಕಾರುಗಳಲ್ಲಿ ಒಂದು ಪುಟ್ಟ ಸಾಧನ ಅಳವಡಿಸಿದ್ದು, ವೇಗ ಮೀರಿದರೆ, ಸೀಟ್‌ಬೆಲ್ಟ್ ಮರೆತರೆ ಅದು ಗದರುತ್ತದೆ. ಯುದ್ಧಭೂಮಿಯಂತಿರುವ ಅಡುಗೆಮನೆಗೆ ಕಡಿಮೆ ಅಂಕ ಕೊಟ್ಟರೂ ಬಿಸ್ಕತ್ತಿನ ಡಬ್ಬಿ ಅಲ್ಲೇ ಉಳಿಯುತ್ತದೆ. ಮನೆ ಬಿಟ್ಟು ಸಾವಿರಾರು ಮೈಲಿ ದೂರ ಬಂದ ಹುಡುಗನಿಗೆ ಅಪ್ಪ ಅಮ್ಮನ ಜೊತೆ ವಾರಕ್ಕೊಮ್ಮೆ ಮಾತಾಡಲು ಸಭೆ ಅನುಮತಿ ಕೊಟ್ಟಿದ್ದೇ 2019ರಲ್ಲಿ. ಅದಕ್ಕೆ ಮೊದಲು ಫೋನು ವರ್ಷಕ್ಕೆರಡು ಸಲ, ಕ್ರಿಸ್‌ಮಸ್‌ಗೆ ಮತ್ತು ತಾಯಂದಿರ ದಿನಕ್ಕೆ. ಜ್ವರ ಬಂದಾಗ ಹಣೆ ಮುಟ್ಟಿ ನೋಡಲು ಇದ್ದದ್ದು ಈ ಬಾಡಿಗೆ ಅಜ್ಜಿಯೊಬ್ಬಳೇ.

ಎಲ್ಲರಿಗೂ ಕಚೇರಿ ಕೆಲಸವೇ ಸಿಗುತ್ತದೆಂದಿಲ್ಲ. ನಿವೃತ್ತ ವೈದ್ಯರು ಮಿಷನರಿಗಳ ಆರೋಗ್ಯ ಸಲಹೆಗಾರರಾಗುತ್ತಾರೆ. ಕೆಲವರು ಬಾವಿ, ಗಾಲಿಕುರ್ಚಿ, ನವಜಾತ ಶಿಶುಗಳ ಆರೈಕೆಯಂಥ ಪರಿಹಾರ ಕೆಲಸಗಳ ಉಸ್ತುವಾರಿಗೆ ಹೋಗುತ್ತಾರೆ. ಇನ್ನು ಕೆಲವರು ಕ್ಯಾಮೆರಾ ಮುಂದೆ ಕೂತು ಇಡೀ ದಿನ ಹಳೆಯ ದಫ್ತರಗಳ ಪುಟ ತಿರುವುತ್ತಾರೆ. ಸತ್ತ ಪೂರ್ವಿಕರ ಪರವಾಗಿಯೂ ದೀಕ್ಷೆ ಪಡೆಯಬಹುದೆಂಬುದು ಇವರ ನಂಬಿಕೆ. ಹಾಗಾಗಿ ಪೂರ್ವಿಕರು ಯಾರೆಂದು ಪತ್ತೆ ಹಚ್ಚುವುದೂ ಧರ್ಮಕಾರ್ಯ. ಅದಕ್ಕೆಂದೇ 1894ರಲ್ಲಿ ಒಂದು ವಂಶಾವಳಿ ಸಂಘ ಹುಟ್ಟಿತು. 1938ರಿಂದ ಜಗತ್ತಿನಾದ್ಯಂತ ಜನನ ಮರಣದ ದಾಖಲೆಗಳನ್ನು ಮೈಕ್ರೋಫಿಲ್ಮಿಗೆ ಇಳಿಸಿದರು. ಆ 24 ಲಕ್ಷ ಸುರುಳಿಗಳನ್ನು ಡಿಜಿಟಲ್‌ಗೆ ತರುವ ಕೆಲಸ ಮುಗಿದದ್ದು 2021ರಲ್ಲಿ. ಮೂಲ ಸುರುಳಿಗಳು ಸಾಲ್ಟ್ ಲೇಕ್ ಸಿಟಿಯ ಹತ್ತಿರ ಗ್ರಾನೈಟ್ ಬೆಟ್ಟ ಕೊರೆದು ಮಾಡಿದ ಉಗ್ರಾಣದಲ್ಲಿವೆ. ಹರಿದ್ವಾರದ ಪಂಡಾಗಳ ಬಹಿಗಳೂ ಅವುಗಳಲ್ಲಿ ಸೇರಿವೆ ಎಂದರೆ ನಮ್ಮವರಿಗೆ ಅಚ್ಚರಿಯಾದೀತು. ಅಸ್ಥಿ ಬಿಡಲು ಹೋದ ಉತ್ತರ ಭಾರತದ ಕುಟುಂಬಗಳ ತಲೆಮಾರುಗಳ ಹೆಸರು ಯೂಟಾದ ಬೆಟ್ಟದ ಹೊಟ್ಟೆಯಲ್ಲಿ ಜೋಪಾನವಾಗಿದೆ!

ಹೊರಡುವ ಮುಂಚಿನ ವಿಧಿವಿಧಾನ ಸರಳ. ಊರಿನ ಬಿಷಪ್ಪನ ಜೊತೆ ಮಾತುಕತೆ, ವೈದ್ಯರ, ದಂತವೈದ್ಯರ ತಪಾಸಣೆ, ಅರ್ಜಿ. ಈ ಬಿಷಪ್ಪನೂ ಸಂಬಳದವನಲ್ಲ, ವಾರವಿಡೀ ಬೇರೆ ನೌಕರಿ ಮಾಡುವ ನೆರೆಯವನೇ. ಹುಡುಗರಿಗೆ ಎಲ್ಲಿಗೆ ಹೋಗಬೇಕೆಂದು ಆರಿಸುವ ಅವಕಾಶವಿಲ್ಲ. ಹಿರಿಯರು ಖಾಲಿ ಇರುವ ಕೆಲಸಗಳ ಪಟ್ಟಿ ನೋಡಿ ತಮ್ಮ ಒಲವು ತಿಳಿಸಬಹುದು, ಕೊನೆಯ ಮಾತು ಸಾಲ್ಟ್ ಲೇಕ್‌ನಿಂದ ಬರುವ ಪತ್ರದ್ದು. ತರಬೇತಿ ಒಂದು ವಾರದ ಆಸುಪಾಸು. ಹುಡುಗರಿಗಿರುವ ಕಟ್ಟುಪಾಡು ಇವರಿಗಿಲ್ಲ. ಬೇಕೆಂದಾಗ ಫೋನು ಮಾಡಬಹುದು, ಟೀವಿ ನೋಡಬಹುದು, ಬಿಡುವಿದ್ದರೆ ಊರು ಸುತ್ತಬಹುದು.

ಇಷ್ಟಾದರೂ ಸಭೆಗೆ ಹಿರಿಯರು ಸಾಕಾಗುವುದಿಲ್ಲ. ರಾಬರ್ಟ್ ಹೇಲ್ಸ್ ಎಂಬ ಹಿರಿಯ ನಾಯಕರು 2001ರ ಭಾಷಣವೊಂದರಲ್ಲಿ ದಂಪತಿಗಳು ಹಿಂಜರಿಯುವುದಕ್ಕೆ ನಾಲ್ಕು ಕಾರಣ ಹೇಳಿದ್ದರು. ಭಯ, ಕುಟುಂಬ, ಹಣ, ತಕ್ಕ ಕೆಲಸ ಸಿಗುತ್ತದೋ ಇಲ್ಲವೋ ಎಂಬ ಅನುಮಾನ. ಭಯ ಮತ್ತು ಅನುಮಾನ ಹೋದ ಮೇಲೆ ತಾನೇ ತಿಳಿಯಾಗುವಂಥವು. ಹಣ ಮತ್ತು ಕುಟುಂಬದ ಮಾತು ಹಾಗಲ್ಲ.

ಹಣದ ವಿಷಯ ಮೊದಲು. ಸಂಬಳವಿಲ್ಲ ಎಂಬುದಷ್ಟೇ ಅಲ್ಲ, ಖರ್ಚೂ ಅವರದೇ. ಮನೆ ಬಾಡಿಗೆ, ಊಟ, ಔಷಧ, ವಿಮೆ ಎಲ್ಲ ಪಿಂಚಣಿಯಿಂದ ಬರಬೇಕು. ಅಮೆರಿಕ ಸರ್ಕಾರ ವೃದ್ಧರಿಗೆ ಕೊಡುವ ಮೆಡಿಕೇರ್ ವಿಮೆ ದೇಶದ ಗಡಿ ದಾಟಿದರೆ ಬಹುಮಟ್ಟಿಗೆ ಕೆಲಸಕ್ಕೆ ಬಾರದು, ಹೊರದೇಶಕ್ಕೆ ಹೋಗುವವರು ಬೇರೆ ವಿಮೆ ಮಾಡಿಸಬೇಕು. ದುಬಾರಿ ನಗರಕ್ಕೆ ಹೋದವರ ಕೈ ಸುಡತೊಡಗಿದ್ದರಿಂದ 2011ರಲ್ಲಿ ಸಭೆ ಒಂದು ಮಿತಿ ಹಾಕಿತು. ಬಾಡಿಗೆಗೆ ದಂಪತಿ ತಿಂಗಳಿಗೆ 1,400 ಡಾಲರಿನವರೆಗೆ ಕೊಟ್ಟರೆ ಸಾಕು, ಮಿಕ್ಕದ್ದನ್ನು ಸಭೆ ತುಂಬುತ್ತದೆ ಎಂದಿತು. ಇದೇ ಸಭೆಯ ಹೂಡಿಕೆ ಸಂಸ್ಥೆಯ ಬಳಿ ಸುಮಾರು ಹತ್ತು ಸಾವಿರ ಕೋಟಿ ಡಾಲರ್ ಇದೆಯೆಂದು 2019ರಲ್ಲಿ ಒಳಗಿನವರೊಬ್ಬರು ದೂರಿತ್ತಾಗ ದೊಡ್ಡ ಸುದ್ದಿಯಾಗಿತ್ತು. ಹೂಡಿಕೆಯ ವಿವರ ಮರೆಮಾಚಿದ ಆರೋಪದ ಮೇಲೆ 2023ರಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಕರು ಸಭೆಗೂ ಆ ಸಂಸ್ಥೆಗೂ ಸೇರಿ 50 ಲಕ್ಷ ಡಾಲರ್ ದಂಡ ಹಾಕಿದರು. ಇಷ್ಟು ಗಂಟಿರುವಾಗ ಮುದುಕರ ಕೈಯಿಂದ ಬಾಡಿಗೆ ಕಟ್ಟಿಸುವುದೇಕೆ? ಕೇಳಬೇಕಾದ ಪ್ರಶ್ನೆಯೇ. ಕೊಟ್ಟರೆ ತಾನೇ ಸೇವೆ, ಕೊಡಿಸಿಕೊಂಡರೆ ನೌಕರಿ ಎಂಬುದು ಹೋಗುವವರ ವಾದ. ದುಡಿದದ್ದರಲ್ಲಿ ಹತ್ತನೇ ಒಂದು ಪಾಲನ್ನು ಬದುಕಿಡೀ ಸಭೆಗೆ ಕೊಟ್ಟು ರೂಢಿಯಾದವರಿಗೆ ಅದು ಸಹಜವೂ ಇರಬಹುದು. ಆದರೆ ಪರಿಣಾಮ ಒಂದಿದೆ. ಬಾಡಿಗೆ ಮನೆಯಲ್ಲಿ ದಿನ ದೂಡುವ, ಎಪ್ಪತ್ತರಲ್ಲೂ ದುಡಿಯಬೇಕಾದ ಭಕ್ತನಿಗೆ ಈ ಪುಣ್ಯ ಎಟುಕುವುದಿಲ್ಲ. ಕಪ್ಪು ನಾಮಫಲಕದ ಹಿಂದೆ ತೀರಿದ ಮನೆ ಸಾಲವೊಂದು ಇದ್ದೇ ಇರುತ್ತದೆ.

ಕುಟುಂಬದ ಪ್ರಶ್ನೆ ಇದಕ್ಕಿಂತ ಕಷ್ಟದ್ದು. ಮಾರ್ಮನ್ನರಲ್ಲಿ ಸಂಸಾರ ದೊಡ್ಡದು. ಐದಾರು ಮಕ್ಕಳು, ಇಪ್ಪತ್ತು ದಾಟಿದ ಮೊಮ್ಮಕ್ಕಳು ಇರುವ ಮನೆಗಳು ಬೇಕಾದಷ್ಟಿವೆ. ಒಂದೂವರೆ ವರ್ಷ ಇಲ್ಲವೆಂದರೆ ಒಂದೆರಡು ಹೆರಿಗೆ, ಒಂದು ಮದುವೆ ತಪ್ಪಿಹೋಗುವುದು ಖಂಡಿತ. ತೀರಾ ಅಗತ್ಯ ಬಿದ್ದರೆ ಸ್ವಂತ ಖರ್ಚಿನಲ್ಲಿ ಕೆಲವು ದಿನ ಹೋಗಿಬರಬಹುದು. ಆದರೆ ಸೊಸೆಗೆ ಅತ್ತೆ ಬೇಕಾಗುವುದು ಕೆಲವು ದಿನಕ್ಕಲ್ಲ. ಇಲ್ಲೊಂದು ವಿಚಿತ್ರ ಸಂಗತಿಯಿದೆ. ಅದೇ ಹೊತ್ತಿಗೆ ಮೈಸೂರು, ದಾವಣಗೆರೆ, ಹುಬ್ಬಳ್ಳಿಗಳಿಂದ ನಿವೃತ್ತ ಗಂಡ ಹೆಂಡತಿ ಚಟ್ನಿಪುಡಿ, ಅಂಟಿನುಂಡೆ ಕಟ್ಟಿಕೊಂಡು ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗುತ್ತಿರುತ್ತಾರೆ. ಆರು ತಿಂಗಳ ವೀಸಾ, ಮೊಮ್ಮಗುವಿಗೆ ಎಣ್ಣೆ ನೀರು, ವಾರಾಂತ್ಯಕ್ಕೆ ದೇವಸ್ಥಾನ. ನಮ್ಮವರು ಮೊಮ್ಮಕ್ಕಳಿಗಾಗಿ ದೇಶ ಬಿಟ್ಟು ಹೋದರೆ ಅವರು ಮೊಮ್ಮಕ್ಕಳನ್ನೇ ಬಿಟ್ಟು ದೇಶ ದಾಟುತ್ತಾರೆ. ಇಬ್ಬರೂ ಅದನ್ನು ಕರ್ತವ್ಯವೆಂದೇ ತಿಳಿದಿದ್ದಾರೆ. ಯಾರದು ಹೆಚ್ಚಿನ ತ್ಯಾಗ ಎಂದು ತೂಗುವ ತಕ್ಕಡಿ ನನ್ನಲ್ಲಿಲ್ಲ. ಇಬ್ಬರಲ್ಲೂ ಅಜ್ಜಂದಿರಿಗೆ ಕಾರು, ಕೀಲಿಕೈ, ನಲ್ಲಿ ರಿಪೇರಿ ಸಿಕ್ಕರೆ ಸಾಕು, ಹೊಂದಿಕೊಳ್ಳುತ್ತಾರೆ. ಮನೆಯ ನೆನಪಿಗೆ ಸಂಕಟಪಡುವುದು ಅಜ್ಜಿಯರೇ ಹೆಚ್ಚು.

ದಾಂಪತ್ಯದ ಮೇಲೆ ಇದರ ಪರಿಣಾಮ ಇನ್ನೂ ಸ್ವಾರಸ್ಯದ್ದು. ಹುಡುಗ ಮಿಷನರಿಗಳಿಗೆ ಒಬ್ಬೊಬ್ಬ ಜೊತೆಗಾರ ಇರುತ್ತಾನೆ, ಹಗಲು ರಾತ್ರಿ ಅವನ ಕಣ್ಣಳತೆ ಬಿಟ್ಟು ಹೋಗುವಂತಿಲ್ಲ. ಹಿರಿಯರಿಗೆ ಆ ಜೊತೆಗಾರ ಕಟ್ಟಿಕೊಂಡವರೇ. ನಲವತ್ತು ವರ್ಷ ಒಂದೇ ಸೂರಿನಡಿ ಇದ್ದರೂ ಬೆಳಗ್ಗೆ ಎಂಟಕ್ಕೆ ಒಬ್ಬರು ಮನೆ ಬಿಟ್ಟರೆ ಮುಖ ನೋಡುತ್ತಿದ್ದುದು ಸಂಜೆಯೇ. ಈಗ ಎರಡು ಕೋಣೆಯ ಮನೆ, ಒಂದೇ ಕಾರು, ಒಂದೇ ಕಚೇರಿ, ಒಂದೇ ಕ್ಯಾಲೆಂಡರ್. ಆಕೆಗೆ ಸಾಫ್ಟ್‌ವೇರು ಎರಡು ದಿನಕ್ಕೆ ಒಲಿಯುತ್ತದೆ, ಆತನಿಗೆ ಎರಡು ವಾರವಾದರೂ ಇಲ್ಲ. ಎಡಬದಿಯ ಸಂಚಾರದ ದೇಶದಲ್ಲಿ ಆತ ಕಾರು ಓಡಿಸುವಾಗ ಪಕ್ಕದಲ್ಲಿ ಕೂತವಳ ಕಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇರುತ್ತದೆ. ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂತು ಹೆಂಡತಿಯ ಡಬ್ಬಿಗಳನ್ನು ಹೊಸದಾಗಿ ಜೋಡಿಸಲು ಹೊರಡುವ ಗಂಡಸರನ್ನು ಕಂಡವರಿಗೆ, ಇಬ್ಬರಿಗೂ ಹೊಸದಾದ ಊರು, ಇಬ್ಬರಿಗೂ ಬಾರದ ಕೆಲಸ ಒಂದು ಒಳ್ಳೆಯ ಔಷಧ ಅನ್ನಿಸಿದರೆ ತಪ್ಪಿಲ್ಲ. ಇಬ್ಬರಲ್ಲಿ ಯಾರೂ ಯಜಮಾನರಲ್ಲ, ಅಲ್ಲಿ ಇಬ್ಬರೂ ಅಪ್ರೆಂಟಿಸ್‌ಗಳು.

ಹಿಂದೆ ಹೀಗಿರಲಿಲ್ಲ. ನೌವೂ ಊರು ಕಟ್ಟುತ್ತಿದ್ದ 1839ರಲ್ಲೇ ಸಭೆಯ ಮುಖಂಡರನ್ನು ಇಂಗ್ಲೆಂಡಿಗೆ ಕಳಿಸಲಾಯಿತು. ಮಲೇರಿಯಾ ಹೊಕ್ಕಿದ್ದ ಕಾಲ. ಮುಂದೆ ಸಭೆಯ ಅಧ್ಯಕ್ಷನಾದ ಬ್ರಿಗಮ್ ಯಂಗ್ ಜ್ವರದಲ್ಲಿ ನಡುಗುತ್ತ, ಹತ್ತು ದಿನದ ಬಾಣಂತಿ ಹೆಂಡತಿಯನ್ನು ಮಲಗಿದಲ್ಲೇ ಬಿಟ್ಟು ಹೊರಟಿದ್ದ. ಮಿಷನ್ ಎಂದರೆ ಗಂಡ ಹೋಗುವುದು, ಹೆಂಡತಿ ಕಾಯುವುದು. ಮದುವೆಯಾಗದ ಹೆಣ್ಣುಮಕ್ಕಳಿಗೆ ಅಧಿಕೃತವಾಗಿ ಮಿಷನರಿಗಳಾಗಲು ಅವಕಾಶ ಸಿಕ್ಕಿದ್ದೇ 1898ರಲ್ಲಿ. ಈಗ ಹೆಂಡತಿಯಿಲ್ಲದೆ ಅಜ್ಜನ ಆಟ ನಡೆಯದು, ಕರೆ ಬರುವುದೇ ಇಬ್ಬರ ಹೆಸರಿಗೆ.

ಬೆಂಗಳೂರಿಗೂ ಇವರ ನಂಟಿದೆ. 1850ರ ದಶಕದಲ್ಲಿ ಕಲ್ಕತ್ತೆಗೆ ಬಂದ ಮಾರ್ಮನ್ ಮಿಷನರಿಗಳು ಕೆಲವೇ ವರ್ಷಗಳಲ್ಲಿ ಕೈಚೆಲ್ಲಿ ಹಿಂದಿರುಗಿದ್ದರು. ಭಾರತಕ್ಕೆಂದೇ ಮತ್ತೆ ಮಿಷನ್ ಕೇಂದ್ರವೊಂದು 1993ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಅದರ ಮೊದಲ ಅಧ್ಯಕ್ಷ ಗುರುಚರಣ್ ಸಿಂಗ್ ಗಿಲ್ ಪಂಜಾಬಿನಲ್ಲಿ ಹುಟ್ಟಿ ಯೂಟಾದಲ್ಲಿ ಗಣಿತ ಪಾಠ ಮಾಡುತ್ತಿದ್ದವರು. ಮತಾಂತರದ ಮಾತೆತ್ತಿದರೆ ಕಾವೇರುವ ನಾಡು ನಮ್ಮದು. ಇಲ್ಲಿಗೆ ಬರುವ ಹಿರಿಯರಿಗೆ ಹಿನ್ನೆಲೆಯ ಕೆಲಸಗಳೇ ಹೊಂದುತ್ತವೆ. ಅವರ ದಿನ ಶುರುವಾಗುವುದು ವಿಡಿಯೊ ಕರೆಯಿಂದ. ಚಳಿಗಾಲದಲ್ಲಿ ಇಲ್ಲಿನ ಬೆಳಗಿನ ಏಳು ಗಂಟೆ ಯೂಟಾದಲ್ಲಿ ಹಿಂದಿನ ದಿನದ ಸಂಜೆ ಆರೂವರೆ, ಮೊಮ್ಮಕ್ಕಳು ಊಟಕ್ಕೆ ಕೂರುವ ಹೊತ್ತು. ನಮ್ಮವರ ಮನೆಗೆ ಹೋದರೆ ಎದುರಾಗುವ ದೊಡ್ಡ ಧರ್ಮಸಂಕಟ ಕಾಫಿಯದು. 1833ರಿಂದ ನಡೆದುಬಂದ ಆಹಾರ ನಿಯಮದಂತೆ ಅವರಿಗೆ ಮದ್ಯ, ತಂಬಾಕಿನ ಜೊತೆ ಕಾಫಿ, ಟೀಯೂ ವರ್ಜ್ಯ. “ಅರ್ಧ ಲೋಟನಾದ್ರೂ ತಗೊಳ್ಳಿ, ಲೈಟಾಗಿ ಮಾಡ್ತೀನಿ” ಎಂಬ ಮನೆಯೊಡತಿಗೆ ಏನು ಹೇಳುವುದು? ಬಾದಾಮಿ ಹಾಲು ಕೇಳಿದರೆ ಇಬ್ಬರ ಮರ್ಯಾದೆಯೂ ಉಳಿಯುತ್ತದೆ.

2018ರಲ್ಲಿ ಸಭೆಯ ಆಗಿನ ಅಧ್ಯಕ್ಷ ರಸೆಲ್ ನೆಲ್ಸನ್ ಭಾರತದ ಮೊದಲ ಮಾರ್ಮನ್ ದೇಗುಲವನ್ನು ಬೆಂಗಳೂರಿಗೆ ಘೋಷಿಸಿದರು. 2020ರ ಡಿಸೆಂಬರಿನಲ್ಲಿ ಗುದ್ದಲಿ ಪೂಜೆಯೂ ಆಯಿತು. ಇಂಥ ದೇಗುಲಗಳಲ್ಲಿ ವಿಧಿಗಳನ್ನು ನಡೆಸಲು ದಿನವಿಡೀ ನಿಲ್ಲುವವರು ಬಹುಪಾಲು ನಿವೃತ್ತರೇ. ಇಲ್ಲಿನ ಸದಸ್ಯರಲ್ಲಿ ಹಿರಿಯರಿಲ್ಲವೆಂದಲ್ಲ. ಆದರೆ ಪಿಂಚಣಿಯಿಲ್ಲದ, ಮಗನ ಮನೆಯ ಒಂದು ಕೋಣೆಯಲ್ಲಿರುವ, ಬೆಳಗ್ಗೆ ಮೊಮ್ಮಗನನ್ನು ಶಾಲೆ ಬಸ್ಸು ಹತ್ತಿಸಬೇಕಾದ ಅಜ್ಜ ಅಜ್ಜಿ ಸ್ವಂತ ಖರ್ಚಿನಲ್ಲಿ ಹದಿನೆಂಟು ತಿಂಗಳು ಹೊರಡುವುದು ಹೇಗೆ? ಯೂಟಾದ ಏರ್ಪಾಟು ಯೂಟಾದ ಪಿಂಚಣಿಯ ಮೇಲೆ ನಿಂತದ್ದು. ಇಲ್ಲಿಯವರಿಗಾಗಿ ಸಭೆ ಅದನ್ನು ಬದಲಿಸಲೇಬೇಕಾಗುತ್ತದೆ. ಅಲ್ಲಿಯವರೆಗೆ ಸೂಟ್‌ಕೇಸು ಹಿಡಿದು ಬರುವವರು ಬಹುಪಾಲು ಅಮೆರಿಕದವರೇ.